ಸೊಂಟಕ್ಕಿಳಿದ ಹರಿವಾಣ

ತಾಕ್ ಸುಂದೊಕ್ ಮೀನು ಕೊಳ್ಳುವುದನ್ನು ಒಮ್ಮೆ ನೋಡಿದವರಿಗೆ ಅವಳ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡುತ್ತಾಳೆ, ಕಣ್ಣು ಒತ್ತಿ ನೋಡುತ್ತಾಳೆ, ಬಾಲದ ಕಡೆ ಮೂಸುತ್ತಾಳೆ. ಆಮೇಲೆ ಮೀನನ್ನು ಕೆಳಗಿಟ್ಟು ಮೀನು ಮಾರುವವನ ಮುಖವನ್ನೂ ಅಷ್ಟೇ ಹೊತ್ತು ಪರೀಕ್ಷಿಸುತ್ತಾಳೆ. ಹಗ್ಗ ಕಂಡರೆ ಹಾವು ಎಂದು ಹೆದರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸುಂದೊಕ್ ಅವರ ಪೈಕಿ ಅಲ್ಲ. ಹಗ್ಗವನ್ನು ಹಗ್ಗವೆಂದೇ ಗುರುತಿಸಿ, ಇದನ್ನು ಇಲ್ಲಿ ಯಾರು ತಂದಿಟ್ಟರು, ಯಾಕೆ ಇಟ್ಟರು ಎಂದು ಕೇಳುವ ಹೆಂಗಸು ಅವಳು.

ಸೋಲ್ ನಗರದ ಉಲ್ಜಿರೋ ಪೇಟೆಯಲ್ಲಿ ನಮ್ಮ ಓಣಿ. ಓಣಿಯ ಬಾಯಲ್ಲೇ, ಒಂದು ಮೆಟ್ಟಿಲ ಸಾಲಿನ ಕೆಳಗೆ, ಸುಂದೊಕ್‌ಳ ಅಡುಗೆಮನೆ. ಬೋರ್ಡಿಲ್ಲ. ಕೂತು ಉಣ್ಣಲು ಜಾಗವಿಲ್ಲ. ಅವಳೇ ಊಟ ಹೊತ್ತು ತರುತ್ತಾಳೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಅಲ್ಯುಮಿನಿಯಂ ಹರಿವಾಣ, ಅದರ ಮೇಲೆ ಇನ್ನೊಂದು, ಮೇಲೆ ಹಳೇ ಪತ್ರಿಕೆಯ ಮುಚ್ಚಿಗೆ. ಎರಡೂ ಕೈ ಬೀಸಿಕೊಂಡು ನಡೆಯುತ್ತಾಳೆ. ಲೇತ್ ತಿರುಗಿಸುವ ಪ್ಯೊ, ತಗಡು ಬಾಗಿಸುವವರು, ಕ್ರೋಮ್ ಲೇಪ ಕೊಡುವವರು, ಹಿತ್ತಾಳೆಯಲ್ಲಿ ಅಕ್ಷರ ಕೊರೆಯುವವರು, ಕಾಗದ ಕತ್ತರಿಸುವ ನಾನು, ಎಲ್ಲರೂ ಅವಳ ಸೋಯಾ ಸಾರು, ಹುರಿದ ಬಂಗುಡೆಯಲ್ಲೇ ಹೊಟ್ಟೆ ಹೊರೆದವರು. ಎಲ್ಲರಿಗೂ ಅವಳು ಚಿಕ್ಕಮ್ಮ. ನನಗೆ ಅವಳಿಟ್ಟ ಹೆಸರು ಕತ್ತರಿ.

ನಮ್ಮ ಓಣಿಯಲ್ಲಿ ಮುಚ್ಚಿಡುವಂಥದ್ದು ಪ್ರತಿಯೊಬ್ಬರ ಬಳಿಯೂ ಏನಾದರೊಂದು ಇತ್ತು. ಪ್ಯೊನ ಯಂತ್ರ ದಾರಿಗೆ ಮೊಳದುದ್ದ ಚಾಚಿಕೊಂಡಿತ್ತು. ಲೇಪದವರ ಆಮ್ಲದ ಪೀಪಾಯಿಗೆ ಅನುಮತಿ ಇರಲಿಲ್ಲ. ನನ್ನ ಅಟ್ಟವನ್ನು ನಾನೇ ಕಟ್ಟಿದ್ದು, ಅದರ ಬಗ್ಗೆ ಹೆಚ್ಚು ಕೇಳಬೇಡಿ. ಹಾಗಾಗಿ ಓಣಿಗೆ ಒಂದು ಸನ್ನೆ ಬೇಕಾಗಿತ್ತು, ಅದು ಸುಂದೊಕ್‌ಳ ಹರಿವಾಣ. ತೀರಾ ಶುಭ್ರವಾದ ಷೂ ಹಾಕಿಕೊಂಡ ಯಾರಾದರೂ ಓಣಿಯ ಬಾಯಿಗೆ ಬಂದರೆ ಹರಿವಾಣ ತಲೆಯಿಂದ ಅವಳ ಸೊಂಟಕ್ಕೆ ಇಳಿಯುತ್ತಿತ್ತು. ಬೇರೆ ಯಾವ ಕಾರಣಕ್ಕೂ ಅವಳು ಅದನ್ನು ಸೊಂಟಕ್ಕೆ ಇಟ್ಟವಳಲ್ಲ. ಕಂಡ ಮೊದಲನೆಯವನು ಶಟರ್ ಎಳೆಯುತ್ತಿದ್ದ, ಆ ಸದ್ದಿಗೆ ಪಕ್ಕದವನು, ಅವನ ಸದ್ದಿಗೆ ಎದುರಿನವನು. ಬಂದವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಓಣಿ ಪೂರ್ತಿ ಬಾಗಿಲು ಹಾಕಿಕೊಂಡಿರುತ್ತಿತ್ತು. ಸಭೆ ಕೂಡಿ ಯಾರೂ ಇದನ್ನು ತೀರ್ಮಾನಿಸಿರಲಿಲ್ಲ, ತಾನಾಗಿ ಬೆಳೆದುಬಂದ ರೂಢಿ.

"ಎಣಿಸೋಕೆ ಬಂದೋರು ಆಮೇಲೆ ಎಬ್ಬಿಸೋಕೆ ಬರ್ತಾರೆ" ಎಂಬುದು ಸುಂದೊಕ್‌ಳ ಮಂತ್ರ. ಅವಳು ಚಿಕ್ಕವಳಿದ್ದಾಗ ಗುಡ್ಡದ ಮೇಲಿನ ಹಲಗೆ ಮನೆಗಳಲ್ಲಿ ಇದ್ದಳಂತೆ. ಬಣ್ಣದ ಡಬ್ಬಿ ಹಿಡಿದು ಬಂದವರು ಬಾಗಿಲುಗಳ ಮೇಲೆ ಸಂಖ್ಯೆ ಬರೆದು ಹೋದರಂತೆ, ಸ್ವಲ್ಪ ದಿನದಲ್ಲೇ ಗುಡ್ಡ ಬೋಳಾಯಿತಂತೆ. ಅಷ್ಟು ಮಾತ್ರ ನಮಗೆ ಗೊತ್ತಿತ್ತು. ಅದರಾಚೆ ಕೇಳಿದರೆ, "ಸಾರು ಆರುತ್ತೆ, ಉಣ್ಣು" ಅನ್ನುತ್ತಿದ್ದಳು.

ಇಂಥ ಓಣಿಗೆ ನಮ್‌ಗುಂಗ್ ಬಂದ. ಮೂವತ್ತರ ಆಸುಪಾಸಿನ, ತೆಳ್ಳಗಿನ, ಹೊಸ ಷೂ ಹಾಕಿದ್ದ ಮನುಷ್ಯ. ಹರಿವಾಣ ಇಳಿಯಿತು, ಶಟರ್‌ಗಳು ದಡದಡ ಬಿದ್ದವು. ಬೇರೆಯವರಾಗಿದ್ದರೆ ಮುಖ ಕೆಡಿಸಿಕೊಂಡು ಹೋಗುತ್ತಿದ್ದರು. ಇವನು ಓಣಿಯ ನಡುವೆ ನಿಂತು ಚಪ್ಪಾಳೆ ತಟ್ಟುವುದೊಂದು ಬಾಕಿ, ಅಷ್ಟು ಖುಷಿಪಟ್ಟ. ಮಾರನೆಯ ದಿನ ಬೇರೆ ಅಂಗಿ ತೊಟ್ಟು ಬಂದ. ಅದರ ಮಾರನೆಯ ದಿನ ಟೋಪಿ ಹಾಕಿಕೊಂಡು ಬಂದ. ಶಟರ್ ಬೀಳುವುದನ್ನು ನೋಡಲಿಕ್ಕೇ ಬರುತ್ತಿದ್ದಾನೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಓಣಿಯ ಕೆಲಸ ಕೆಟ್ಟಿತ್ತು, ಎಳೆದೂ ಎಳೆದೂ ಪ್ಯೊನ ಭುಜ ಹಿಡಿದುಕೊಂಡಿತ್ತು.

ಕೊನೆಗೆ ಸುಂದೊಕ್ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಕೈಗೊಂದು ಬಟ್ಟಲು ಸಾರು ಕೊಟ್ಟು ವಿಚಾರಣೆ ಶುರುಮಾಡಿದಳು. ನಾನು ಊಟದ ನೆಪದಲ್ಲಿ ಪಕ್ಕದಲ್ಲೇ ನಿಂತೆ.

"ಯಾರ ಕಡೆಯೋನಯ್ಯ ನೀನು?"

"ಯಾರ ಕಡೆಯೋನೂ ಅಲ್ಲಮ್ಮ. ಕಾಲೇಜಲ್ಲಿ ಭೌತಶಾಸ್ತ್ರ ಹೇಳ್ಕೊಡ್ತೀನಿ."

"ಭೌತಶಾಸ್ತ್ರದೋರಿಗೆ ನಮ್ಮ ಶಟರ್‌ನಲ್ಲಿ ಏನ್ ಕೆಲಸ?"

"ಮೊದಲು ಮರಳು ರಾಶಿ ಯಾವಾಗ ಕುಸಿಯುತ್ತೆ ಅಂತ ನೋಡ್ತಿದ್ದೆ. ಈಗ ಊರುಗಳನ್ನ ನೋಡ್ತಿದೀನಿ."

"ಕೇಳಿದ್ಯಾ ಕತ್ತರಿ? ಕುಸಿಯೋದ್ ನೋಡೋಕೇ ಬಂದಿದಾನೆ. ಬಾಯ್ ಬಿಟ್ಟೇಬಿಟ್ಟ!"

ಅವನು ಬೇಸರಪಟ್ಟುಕೊಳ್ಳಲಿಲ್ಲ. ಸಂಜೆ ಹಕ್ಕಿ ಹಿಂಡು ಆಕಾಶದಲ್ಲಿ ಒಟ್ಟಿಗೆ ಹೊರಳುತ್ತದಲ್ಲ, ಅವುಗಳಿಗೆ ನಾಯಕ ಇಲ್ಲ, ಪ್ರತಿ ಹಕ್ಕಿಯೂ ಅಕ್ಕಪಕ್ಕದವನ್ನಷ್ಟೇ ನೋಡುತ್ತದೆ, ನಿಮ್ಮ ಶಟರ್‌ಗಳೂ ಹಾಗೇ ಎಂದ. ಊರೆಂದರೆ ಗೋಡೆಗಳಲ್ಲ, ಒಬ್ಬರು ಇನ್ನೊಬ್ಬರನ್ನು ಮುಟ್ಟುವುದು ಎಂದ. "ಊರಿನ ಜನ ಎರಡರಷ್ಟಾದ್ರೆ ರಸ್ತೆ, ಪೈಪು ಎರಡರಷ್ಟು ಬೇಕಾಗಲ್ಲಮ್ಮ, ಕಮ್ಮೀಲೇ ಮುಗಿಯುತ್ತೆ. ಆದ್ರೆ ಹೊಸ ಕೆಲಸ, ಹೊಸ ಯೋಚನೆ, ಕಾಯಿಲೆ, ಜಗಳ, ಇವೆಲ್ಲ ಎರಡರಷ್ಟಕ್ಕಿಂತ ಜಾಸ್ತಿ ಆಗುತ್ತೆ. ಜನ ಜನಾನ ಸಂಧಿಸ್ತಾರಲ್ಲ, ಅದಕ್ಕೆ."

"ಜಗಳ ಜಾಸ್ತಿ ಆಗುತ್ತೆ ಅನ್ನೋಕೆ ನಿಂಗೆ ಸಂಬಳ ಕೊಡ್ತಾರಾ?"

"ಕಮ್ಮಿ ಕೊಡ್ತಾರೆ" ಅಂದ ಅವನು. ಸುಂದೊಕ್ ನಗಲಿಲ್ಲ. ಆದರೂ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಿತ್ತು. ನನಗೂ ಅವನ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ನಯವಾಗಿ ಮಾತಾಡುವವರನ್ನು ನಾನು ಯಾವತ್ತೂ ನಂಬಿದವನಲ್ಲ.

ಕೆಲವು ವಾರದ ಮೇಲೆ ಅವನು ಬೆಂಕಿಪೆಟ್ಟಿಗೆ ಗಾತ್ರದ ಡಬ್ಬಿಗಳನ್ನು ತಂದ. ಅವು ಯಾವ ಹೊತ್ತಿನಲ್ಲಿ ಎಲ್ಲಿದ್ದವು ಎಂಬುದನ್ನು ತಾವೇ ಗುರುತಿಟ್ಟುಕೊಳ್ಳುತ್ತವಂತೆ. ಒಂದು ಸುಂದೊಕ್‌ಳ ಹರಿವಾಣಕ್ಕೆ, ಉಳಿದವು ನಮ್ಮ ತಳ್ಳುಗಾಡಿಗಳಿಗೆ. ಅಂಗಡಿಯ ಬೋರ್ಡೊಂದು ತಗಡಿನವನಿಂದ ಲೇತ್‌ಗೆ, ಅಲ್ಲಿಂದ ಲೇಪಕ್ಕೆ, ಅಲ್ಲಿಂದ ನನ್ನ ಕಾಗದದ ಹೊದಿಕೆಗೆ ಹೇಗೆ ಹರಿದುಬರುತ್ತದೆ ಎಂದು ಚಿತ್ರ ಬರೆಯುತ್ತಾನಂತೆ. ಈ ಓಣಿಯಲ್ಲಿರುವುದು ಹಲವು ಅಂಗಡಿಗಳಲ್ಲ, ಹಲವು ಮಾಡು ಹೊದ್ದ ಒಂದೇ ಕಾರ್ಖಾನೆ ಎಂದು ತೋರಿಸುವುದು ಅವನ ಆಸೆ.

ನಾವು ಯಾರೂ ಮುಟ್ಟಲಿಲ್ಲ. ಸುಂದೊಕ್ ಕೈ ಚಾಚಿದಳು.

"ಚಿಕ್ಕಮ್ಮ, ನೀವೇ ತಗೊಂಡ್ರೆ ಹೆಂಗೆ?" ಎಂದು ಪ್ಯೊ ಪಿಸುಗುಟ್ಟಿದ.

"ಕಳ್ಳನ್ನ ಕಣ್ಣೆದುರಿಗೆ ಇಟ್ಕೋಬೇಕು ಕಣೋ. ಓಡಿಸಿದ್ರೆ ಹಿಂದ್ಗಡೆಯಿಂದ ಬರ್ತಾನೆ."

ಅವಳು ತೆಗೆದುಕೊಂಡಳೆಂದು ನಾವೂ ತೆಗೆದುಕೊಂಡೆವು. ಅವಳು ಅದನ್ನು ಒಯ್ದು ತನ್ನ ಅಡುಗೆಮನೆಯ ಮೆಟ್ಟಿಲು ಮುಟ್ಟುವ ಮಾಡಿನ ಮೇಲೆ, ಸೋಯಾ ಹುದುಗಿಟ್ಟ ಜಾಡಿಗಳ ಪಕ್ಕದಲ್ಲಿ ಬಚ್ಚಿಟ್ಟಳೆಂದು ತಿಳಿದ ಮೇಲೆ ನಾವೂ ಒಬ್ಬೊಬ್ಬರಾಗಿ ಹತ್ತಿ ನಮ್ಮ ನಮ್ಮದನ್ನು ಅಲ್ಲೇ ಇಟ್ಟು ಬಂದೆವು. ನಮ್‌ಗುಂಗ್ ತಿಂಗಳ ಕೊನೆಗೆ ಬಂದಾಗ ಅವನ ಮುಖ ನೋಡಬೇಕಿತ್ತು.

"ಅಮ್ಮ, ಇಡೀ ಓಣಿ ಒಂದು ತಿಂಗಳಿಂದ ನಿಮ್ಮ ಮಾಡಿನ ಮೇಲೆ ಸುಮ್ನೆ ನಿಂತಿದೆ."

"ಬಿಸಿಲು ಕಾಯಿಸ್ಕೊಳ್ತಿದೆ" ಎಂದಳು ಸುಂದೊಕ್. ಅವತ್ತು ಓಣಿ ನಕ್ಕಷ್ಟು ಯಾವತ್ತೂ ನಕ್ಕಿರಲಿಲ್ಲ. ಅವನೂ ನಕ್ಕ, ಆದರೆ ಹೋಗಲಿಲ್ಲ. ಮೆಟ್ಟಿಲ ಬಳಿ ನಿಂತು ಸ್ವರ ತಗ್ಗಿಸಿದ. ನಗರಾಡಳಿತದ ಸಮಿತಿಯೊಂದು ಗುರುವಾರ ಈ ಓಣಿಗೆ ಬರಲಿದೆ. ಇಲ್ಲಿ ಗೋಪುರದಂಥ ಕಟ್ಟಡಗಳು ಏಳಬೇಕೆಂಬ ಯೋಜನೆ ಇದೆ. ಹೆಚ್ಚಿನ ಅಂಗಡಿಗಳು ಮುಚ್ಚಿವೆ ಎಂದು ಕಂಡರೆ ಓಣಿಯನ್ನು ಕೆಡವಲು ಒಪ್ಪಿಗೆ ಸಿಗುತ್ತದೆ. "ದಯವಿಟ್ಟು ಅವತ್ತೊಂದಿನ ಬಾಗಿಲು ತೆಗೆದಿಡಿ."

"ನಿಂಗೆ ಹೆಂಗೆ ಗೊತ್ತಾಯ್ತು?"

"ನಮ್ಮ ಪ್ರೊಫೆಸರನ್ನ ಸಲಹೆಗೆ ಕರ್ದಿದಾರೆ."

ಸುಂದೊಕ್ ನನ್ನ ಕಡೆ ತಿರುಗಿದಳು. ಬಂಗುಡೆಯ ಕಣ್ಣು ಒತ್ತುವಾಗಿನ ಅದೇ ನೋಟ. ಅವನು ಹೋದ ಮೇಲೆ ಪ್ಯೊನ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ಸುಂದೊಕ್ ಶುರುಮಾಡಿದಳು.

"ಈಗ ಗೊತ್ತಾಯ್ತಾ? ಸಾರು ಕುಡಿದು ಕುಡಿದು ನಮ್ಮ ಒಳಗನ್ನೆಲ್ಲ ನೋಡ್ಕೊಂಡ. ಈಗ ಬಾಗಿಲು ತೆಗೀರಿ ಅಂತಾನೆ. ತೆಗೆದ್ರೆ ಏನ್ ಕಾಣುತ್ತೆ? ನಿನ್ನ ಲೇತ್ ಬೀದೀಲಿ, ಅವನ ಆಮ್ಲ ಪೀಪಾಯೀಲಿ, ಈ ಕತ್ತರಿ ಅಟ್ಟ ಆಕಾಶದಲ್ಲಿ. ಅಪಾಯದ ಜಾಗ ಅಂತ ಬರ್ಕೊಂಡು ಬೀಗ ಹಾಕ್ತಾರೆ."

"ಅವನು ಹೇಳಿದ್ದೇ ನಿಜ ಆದ್ರೆ?" ಎಂದು ನಾನು ಕೇಳಿದೆ.

"ನಿಜ ಹೇಳೋಕೆ ಅವನಿಗೇನು ಲಾಭ? ಅದನ್ನ ಹೇಳು ಮೊದ್ಲು."



ಗುರುವಾರ ಅವರು ಬಂದರು. ಹರಿವಾಣ ಸೊಂಟಕ್ಕಿಳಿಯಿತು. ಅಷ್ಟು ಚೆನ್ನಾಗಿ, ಅಷ್ಟು ಬೇಗ ನಮ್ಮ ಶಟರ್‌ಗಳು ಹಿಂದೆಂದೂ ಬಿದ್ದಿರಲಿಲ್ಲ. ನಾನು ಒಳಗಡೆ ಕತ್ತಲಲ್ಲಿ ಕಾಗದದ ಕಟ್ಟಿನ ಮೇಲೆ ಕೂತು ಆಲಿಸುತ್ತಿದ್ದೆ. ಷೂಗಳ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಯಾರೋ ಗಟ್ಟಿಯಾಗಿ, "ಮುಚ್ಚಿದೆ, ಮುಚ್ಚಿದೆ, ಇದೂ ಮುಚ್ಚಿದೆ" ಅನ್ನುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಸುಂದೊಕ್ ಎಲ್ಲರಿಗೂ ಪುಕ್ಕಟೆ ಊಟ ಹಾಕಿದಳು.

ವಾರದೊಳಗೆ ಓಣಿಯ ಗೋಡೆಗೆ ನೋಟೀಸು ಬಿತ್ತು. ಅದರ ಪ್ರಕಾರ ನಮ್ಮದು ಬಹುಪಾಲು ಬಳಕೆಯಲ್ಲಿಲ್ಲದ ಪ್ರದೇಶ. ಆಕ್ಷೇಪ ಇರುವವರು ಅಹವಾಲು ಸಭೆಗೆ ಬರಬಹುದು. ಪ್ಯೊ ಅದನ್ನು ಗಟ್ಟಿಯಾಗಿ ಓದಿದ. ನಮ್ಮ ಕೈಯಾರೆ ನಾವೇ ನಮ್ಮ ಗುಂಡಿ ತೋಡಿಕೊಂಡಿದ್ದೆವು. ಸುಂದೊಕ್ ನೋಟೀಸಿನ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಅವಳು ನಿಧಾನವಾಗಿ ಓದುವವಳು.

"ಬಳಕೆಯಲ್ಲಿಲ್ಲದ" ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದಳು, "ಹಂಗಂದ್ರೆ ಇಲ್ಲಿ ಯಾರೂ ಇಲ್ಲ ಅಂತಾನಾ?"

"ಹೆಚ್ಚುಕಮ್ಮಿ ಹಂಗೇ ಚಿಕ್ಕಮ್ಮ" ಎಂದ ಪ್ಯೊ.

ಅವಳ ಮುಖ ಬಿಳುಚಿಕೊಂಡಿತು. ನೋಟೀಸಿಗೆ ಹೆದರಿದಳೆಂದು ನಾನು ತಿಳಿದೆ.

ಸಭೆಯ ದಿನ ನಾವು ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಸಮಿತಿಯವರು, ಅವರೆದುರು ಟ್ರೇಯಲ್ಲಿ ಬಾರ್ಲಿ ಚಹಾದ ಲೋಟಗಳು. ನಮ್ಮ ಪರವಾಗಿ ಎದ್ದು ನಿಂತವನು ನಮ್‌ಗುಂಗ್ ಒಬ್ಬನೇ. ನಾವು ಕರೆದಿರಲಿಲ್ಲ. ಗೋಡೆಯ ಮೇಲೆ ಓಣಿಯ ನಕ್ಷೆ ಮೂಡಿಸಿ, ಮೊದಲ ದಿನಗಳಲ್ಲಿ ಶಟರ್‌ಗಳು ಬಿದ್ದ ಬಗೆಯನ್ನು ಚುಕ್ಕಿಗಳಲ್ಲಿ ತೋರಿಸಿದ. ಒಂದರ ಪಕ್ಕ ಒಂದು ಚುಕ್ಕಿ ಕೆಂಪಾಗುತ್ತಾ ಹೋಯಿತು.

"ನೀವು ನೋಡಿದ್ದು ಮುಚ್ಚಿದ ಓಣಿ ಅಲ್ಲ. ನಿಮ್ಮನ್ನ ನೋಡಿ ಮುಚ್ಚಿಕೊಂಡ ಓಣಿ" ಎಂದ. "ಸತ್ತದ್ದು ಬೆಚ್ಚಿಬೀಳೋಲ್ಲ, ಸರ್. ಇಷ್ಟು ಬೇಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುದ್ದಿ ಮುಟ್ಟಬೇಕಾದ್ರೆ ಒಳಗೆ ಎಲ್ಲರೂ ಇರ್ಲೇಬೇಕು."

"ಅಲ್ಲಿನ ಓಡಾಟ ಅಳೆಯೋಕೆ ಡಬ್ಬಿ ಕೊಟ್ಟಿದ್ರಂತಲ್ಲ, ಅದರ ಲೆಕ್ಕ ಎಲ್ಲಿ?" ಎಂದು ಸಮಿತಿಯ ಅಧ್ಯಕ್ಷ ಕೇಳಿದ. ದಪ್ಪ ಕನ್ನಡಕದ ಮನುಷ್ಯ.

"ಅವು... ಒಂದು ಮಾಡಿನ ಮೇಲಿವೆ. ಜಾಡಿಗಳ ಪಕ್ಕ. ಅವರಿಗೆ ನನ್ನ ಮೇಲೆ ನಂಬಿಕೆ ಇರ್ಲಿಲ್ಲ."

ಸಭೆ ನಕ್ಕಿತು. ಅವನ ಕಿವಿ ಕೆಂಪಾಯಿತು. ನಾವು ಯಾರೂ ನಗಲಿಲ್ಲ.

"ನಿಮ್ಮ ಚಿತ್ರ ಚೆನ್ನಾಗಿದೆ. ಆದ್ರೆ ಇದು ಎಲ್ಲಿಂದ ಶುರುವಾಯ್ತು? ಯಾರು ಶುರುಮಾಡಿದ್ರು? ಸಾಕ್ಷಿ ಇದ್ರೆ ಹೇಳಿ, ಇಲ್ದಿದ್ರೆ ಇದು ಬರೀ ಚುಕ್ಕಿ."

ನಾನು ಆಗ ನಕ್ಷೆಯನ್ನು ಸರಿಯಾಗಿ ನೋಡಿದೆ. ಎಲ್ಲ ಅಂಗಡಿಗಳಿಗೂ ಚುಕ್ಕಿ ಇತ್ತು. ಓಣಿಯ ಬಾಯಿ, ಮೆಟ್ಟಿಲ ಜಾಗ ಮಾತ್ರ ಬಿಳಿಯಾಗಿತ್ತು. ಅಲೆ ಎಲ್ಲಿಂದ ಹೊರಡುತ್ತದೆ ಎಂಬುದು ಅದನ್ನು ಅಳೆದವನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಮೊದಲ ವಾರದಿಂದಲೇ ಅವನಿಗೆ ಗೊತ್ತಿತ್ತು.

"ಅದು ನಂಗೆ ಗೊತ್ತಿಲ್ಲ, ಸರ್" ಎಂದ ನಮ್‌ಗುಂಗ್.

ಪಕ್ಕದಲ್ಲಿ ಸುಂದೊಕ್ ಮುಂದಕ್ಕೆ ಬಾಗಿದಳು. ಸುಳ್ಳು ಹೇಳುವ ಮುಖ ಅವಳಿಗೆ ಗೊತ್ತಾಗದೆ ಹೋಗುವುದಿಲ್ಲ, ಜೀವಮಾನವಿಡೀ ಹುಡುಕಿದ್ದು ಅದನ್ನೇ. ತನ್ನನ್ನು ಉಳಿಸಲಿಕ್ಕಾಗಿ ಒಬ್ಬರು ಸುಳ್ಳು ಹೇಳಿದ್ದನ್ನು ಅವಳು ಬಹುಶಃ ಅದೇ ಮೊದಲ ಸಲ ಕಂಡಳು. ಅವನು ಬೇಕೆಂದೇ ನಮ್ಮ ಸಾಲಿನ ಕಡೆ ನೋಡುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಕೂತ್ಕೊಳ್ಳಿ ಚಿಕ್ಕಮ್ಮ" ಎಂದು ಪ್ಯೊ ಅವಳ ಸೆರಗಿನಂತೆ ಜೋತುಬಿದ್ದಿದ್ದ ಏಪ್ರನ್ ಹಿಡಿದೆಳೆದ. "ಸನ್ನೆ ಗೊತ್ತಾಗ್ಬಿಟ್ರೆ ನಮ್ಮ ಕಥೆ ಮುಗೀತು."

ಅವಳು ಕೈ ಬಿಡಿಸಿಕೊಂಡು ಮುಂದೆ ಹೋದಳು. ಸಮಿತಿಯವರ ಮೇಜಿನಿಂದ ಚಹಾದ ಟ್ರೇ ಎತ್ತಿದಳು. ಲೋಟಗಳು ಅದರಲ್ಲೇ ಇದ್ದವು. ಅದನ್ನು ತಲೆಯ ಮೇಲಿಟ್ಟು ಕೈ ಬಿಟ್ಟಳು. ಒಂದು ಹನಿ ಚೆಲ್ಲಲಿಲ್ಲ.

"ಇದು ಎಲ್ಲ ಸರಿಯಾಗಿದೆ ಅಂತ" ಎಂದಳು. ಆಮೇಲೆ ಟ್ರೇಯನ್ನು ಸೊಂಟಕ್ಕೆ ಇಳಿಸಿದಳು. "ಇದು ನಿಮ್ಮಂಥೋರು ಬಂದ್ರು ಅಂತ. ಅವತ್ತು ಇಳಿಸ್ದೋಳು ನಾನೇ."

ಹಿಂದಿನ ಸಾಲಿನಲ್ಲಿ ಪ್ಯೊ ಮುಖ ಮುಚ್ಚಿಕೊಂಡ.

"ಯಾಕಮ್ಮ ಹಂಗೆ ಮಾಡಿದ್ರಿ?" ಎಂದು ಕನ್ನಡಕದವನು ಕೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

"ಗುಡ್ಡದ ಮೇಲೆ ನಮ್ಮನೆ ಇತ್ತು. ಬಣ್ಣದ ಡಬ್ಬಿಯೋರು ಬಂದ್ರು. ಎಣಿಸ್ಕೊಂಡ್ರೆ ಎಬ್ಬಿಸ್ತಾರೆ ಅಂತ ನಮ್ಮಪ್ಪ ಒಳಗಿಂದ ಅಗುಳಿ ಹಾಕ್ದ. ನನ್ನ ಬಾಯಿಗೆ ಕೈ ಅಡ್ಡ ಇಟ್ಟ. ಬಾಗಿಲು ಬಡಿದ್ರು, ಬಡಿದ್ರು, ಹೋದ್ರು. ನಾವು ಗೆದ್ವಿ ಅನ್ಕೊಂಡ್ವಿ." ಅವಳು ಟ್ರೇಯನ್ನು ಇನ್ನೂ ಸೊಂಟದಲ್ಲೇ ಹಿಡಿದಿದ್ದಳು. "ಆಮೇಲೆ ಎಲ್ರ ಮನೇನೂ ಬಿತ್ತು. ನಂಬರ್ ಇದ್ದೋರ್ದೂ ಬಿತ್ತು, ಇಲ್ದೋರ್ದೂ ಬಿತ್ತು. ನಂಬರ್ ಇದ್ದೋರಿಗೆ ಊರಾಚೆ ಒಂದು ತುಂಡು ಜಾಗ ಕೊಟ್ರು. ನಮ್ಮಪ್ಪ ಹೋಗಿ ಕೇಳಿದ್ರೆ, ಆ ಮನೇಲಿ ಯಾರೂ ಇರ್ಲಿಲ್ಲ ಅಂದ್ರು. ಕಾಗದದಲ್ಲಿ ಹಂಗೇ ಇತ್ತು. ಅವನು ಅಲ್ಲೇ ನಿಂತಿದ್ದ, ನಾನು ಅವನ ಕೈ ಹಿಡ್ಕೊಂಡಿದ್ದೆ, ನಾವು ಇರ್ಲಿಲ್ಲ."

ಇಷ್ಟು ವರ್ಷ ಅವಳ ಕೈಯ ಅನ್ನ ಉಂಡ ನಮಗೆ ಕಥೆಯ ಅರ್ಧ ಮಾತ್ರ ಸಿಕ್ಕಿತ್ತು. ಉಳಿದರ್ಧವನ್ನು ಅವಳು ಗುರುತಿಲ್ಲದ ಜನರ ಮುಂದೆ ಹೇಳಿಬಿಟ್ಟಳು.

"ಇನ್ನೊಂದ್ಸಲ ಬನ್ನಿ" ಎಂದಳು. "ಆಮ್ಲದ ಪೀಪಾಯಿಗೆ ದಂಡ ಹಾಕ್ತೀರಾ, ಹಾಕಿ. ಆದ್ರೆ ಯಾರೂ ಇಲ್ಲ ಅಂತ ಬರೀಬೇಡಿ."

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಓಣಿ ಇದೆ, ಸದ್ಯಕ್ಕೆ. ಲೇಪದವರಿಗೆ ದಂಡ ಬಿತ್ತು, ಪ್ಯೊ ಲೇತನ್ನು ಒಳಕ್ಕೆ ಸರಿಸಿದ, ನನ್ನ ಅಟ್ಟ ಹೋಯಿತು. ನಮ್‌ಗುಂಗ್‌ನ ಡಬ್ಬಿಗಳು ಮಾಡಿನಿಂದ ಇಳಿದು ಈಗ ತಳ್ಳುಗಾಡಿಗಳಲ್ಲಿ ತಿರುಗುತ್ತಿವೆ. ಸುಂದೊಕ್ ಮಾತ್ರ ತನ್ನದನ್ನು ದಿನಾ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಾಳೆ.

ಆದರೆ ನಾನು ಹೇಳಬೇಕೆಂದಿದ್ದು ಸಮಿತಿ ಎರಡನೆಯ ಸಲ ಬಂದ ಬೆಳಿಗ್ಗೆಯ ವಿಷಯ. ಸುಂದೊಕ್ ಹರಿವಾಣವನ್ನು ತಲೆಯ ಮೇಲಿಟ್ಟುಕೊಂಡು ಓಣಿಯ ಬಾಯಲ್ಲಿ ನಿಂತಿದ್ದಳು. ಶುಭ್ರವಾದ ಷೂಗಳು ಬಂದವು. ನನ್ನ ಕೈ ತಾನಾಗಿ ಶಟರ್‌ನ ಹಿಡಿಗೆ ಹೋಯಿತು. ಎದುರುಗಡೆ ಪ್ಯೊನ ಕೈಯೂ ಅಲ್ಲೇ ಇತ್ತು. ಇಬ್ಬರೂ ಅವಳನ್ನು ನೋಡಿದೆವು. ಹರಿವಾಣ ಅಲ್ಲಾಡಲಿಲ್ಲ. ಒಂದು ಶಟರ್ ಕೂಡ ಬೀಳಲಿಲ್ಲ.

ಎಣಿಸುವವನು ಎಳೆಯ ವಯಸ್ಸಿನ ಗುಮಾಸ್ತ. ಪ್ಯೊನ ಅಂಗಡಿ ಬರೆದುಕೊಂಡ, ನನ್ನದು ಬರೆದುಕೊಂಡ, ಕೊನೆಯವರೆಗೂ ಹೋಗಿ ತಿರುಗಿ ಬಂದ. ಮೆಟ್ಟಿಲನ್ನು ದಾಟಿ ಹೊರಗೆ ಹೊರಟಿದ್ದ. ಸುಂದೊಕ್ ಅವನ ತೋಳು ಹಿಡಿದಳು.

"ಇಲ್ಲೊಂದಿದೆ."

ಅವನು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. "ಬೋರ್ಡ್ ಇಲ್ವಲ್ಲಮ್ಮ?"

"ಒಲೆ ಇದೆ. ನಾನಿದೀನಿ. ಬರ್ಕೋ."

ಅವನು ಬರೆದುಕೊಂಡ. ಅವಳು ತಲೆಯ ಮೇಲೆ ಹರಿವಾಣ ಇದ್ದಂತೆಯೇ ಮೆಲ್ಲಗೆ ಮುಂದೆ ಸರಿದು, ಅವನ ಕೈಯಲ್ಲಿದ್ದ ಹಾಳೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಪೆನ್ಸಿಲಲ್ಲಿ ಬೇಡ" ಎಂದಳು. "ಪೆನ್ನಲ್ಲಿ ಬರಿ."